ಕನ್ನಡ ಪುಸ್ತಕಕ್ಕೆ ಲಿಬ್ರೆ ಆಫೀಸ್ ಮತ್ತು ಸ್ಕ್ರೈಬಸ್: ಬಳಸಿ ನೋಡಿದ ಮೇಲೆ

ನಮ್ಮೂರಿನ ಶಾಲೆಯ ಶತಮಾನೋತ್ಸವದ ಸ್ಮರಣ ಸಂಚಿಕೆಯನ್ನು ಸಿದ್ಧಪಡಿಸುವ ಹೊಣೆ ನನ್ನ ಹೆಗಲೇರಿದಾಗ, ಸಮಿತಿಯ ಬಳಿ ಇದ್ದ ಹಣ ಕಾಗದಕ್ಕೂ ಮುದ್ರಣಕ್ಕೂ ಸಾಲುವಷ್ಟು ಮಾತ್ರ ಇತ್ತು. ಅಡೋಬಿ ಸಂಸ್ಥೆ 2013ರಲ್ಲಿಯೇ ಚಂದಾ ಪದ್ಧತಿಗೆ ಹೊರಳಿದ್ದರಿಂದ, ಒಂದು ಪುಸ್ತಕದ ಸಲುವಾಗಿ ಅದರ ಪುಟವಿನ್ಯಾಸದ ತಂತ್ರಾಂಶವಾದ ಇನ್‌ಡಿಸೈನ್‌ಗೆ ತಿಂಗಳು ತಿಂಗಳು ಹಣ ಕಟ್ಟುವುದು ನಮಗೆ ಎಟುಕುವ ಮಾತಾಗಿರಲಿಲ್ಲ. ಕಳ್ಳಪ್ರತಿ ಹಾಕಿಕೊಳ್ಳಲು ಮನಸ್ಸು ಒಪ್ಪಲಿಲ್ಲ. ಹೀಗಾಗಿ ಡೆಮಿ 1/8 ಅಳತೆಯ 160 ಪುಟಗಳನ್ನು ಲಿಬ್ರೆ ಆಫೀಸ್ ಮತ್ತು ಸ್ಕ್ರೈಬಸ್ ಎಂಬ, ಹಣ ಕೊಡದೆ ಬಳಸಬಹುದಾದ ಎರಡು ಮುಕ್ತ ತಂತ್ರಾಂಶಗಳಲ್ಲಿಯೇ ಮಾಡಿ ಮುಗಿಸಿದೆವು.

ಲಿಬ್ರೆ ಆಫೀಸ್ 2010ರಲ್ಲಿ ಓಪನ್ ಆಫೀಸಿನಿಂದ ಕವಲೊಡೆದು ಬಂದದ್ದು. ದಿ ಡಾಕ್ಯುಮೆಂಟ್ ಫೌಂಡೇಶನ್ ಅದನ್ನು ನೋಡಿಕೊಳ್ಳುತ್ತಿದೆ. ಅದರೊಳಗೆ ಬರವಣಿಗೆಗೆಂದು ಇರುವ ರೈಟರ್‌ನಲ್ಲಿ ಕನ್ನಡ ಬೆರಳಚ್ಚು ಮಾಡುವವರು ಮೊದಲ ದಿನವೇ ಎಡವುವ ಜಾಗವೊಂದಿದೆ. ಪ್ಯಾರಾಗ್ರಾಫ್ ಸ್ಟೈಲ್ ತೆರೆದು ಅಕ್ಷರದ ಗಾತ್ರವನ್ನು 12ರಿಂದ 14ಕ್ಕೆ ಏರಿಸಿದರೆ, ಸಾಲಿನ ನಡುವಿನ ಇಂಗ್ಲಿಷ್ ಪದಗಳು ದೊಡ್ಡದಾಗುತ್ತವೆ, ಕನ್ನಡ ಮಾತ್ರ ಇದ್ದಲ್ಲೇ ಇರುತ್ತದೆ. ಕಾರಣವಿಷ್ಟೆ: ಈ ತಂತ್ರಾಂಶ ಕನ್ನಡವನ್ನು ಅರಬ್ಬಿ, ಹಿಂದಿಗಳ ಜೊತೆಗೆ 'ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್' ಎಂಬ ಬೇರೆ ಗುಂಪಿಗೆ ಸೇರಿಸಿದ್ದು, ಆ ಗುಂಪಿನ ಫಾಂಟನ್ನೂ ಗಾತ್ರವನ್ನೂ ಪ್ರತ್ಯೇಕವಾಗಿಯೇ ಗೊತ್ತುಪಡಿಸಬೇಕಾಗುತ್ತದೆ. ಇದು ತಿಳಿಯುವ ತನಕ ನಾನು ಒಂದು ಸಂಜೆಯನ್ನೇ ಕಳೆದುಕೊಂಡೆ. ತಿಳಿದ ಮೇಲೆ ಇದೇ ಅನುಕೂಲವೆನಿಸಿತು, ಏಕೆಂದರೆ ಒಂದೇ ಪ್ಯಾರಾದಲ್ಲಿ ಕನ್ನಡಕ್ಕೊಂದು, ಇಂಗ್ಲಿಷಿಗೊಂದು ಫಾಂಟ್ ತಾನಾಗಿಯೇ ಬಂದು ಕೂರುತ್ತದೆ.

ಒತ್ತಕ್ಷರಗಳ ವಿಷಯದಲ್ಲಿ ದೂರು ಹೇಳುವಂತಿಲ್ಲ. 'ಸ್ತ್ರೀ', 'ವೈಶಿಷ್ಟ್ಯ', 'ಸ್ವಾತಂತ್ರ್ಯ' ಎಂಬ ಪದಗಳನ್ನು ನೋಟೋ ಸೆರಿಫ್ ಕನ್ನಡ ಫಾಂಟಿನಲ್ಲಿ ಬರೆದು, ದೊಡ್ಡದು ಮಾಡಿ ನೋಡಿದೆ. ಒತ್ತುಗಳು ತಮ್ಮ ತಮ್ಮ ಸ್ಥಾನದಲ್ಲಿಯೇ ಇದ್ದವು. ಕಾಗುಣಿತ ತಿದ್ದುವ ಕೆಲಸಕ್ಕೆ ಮಾತ್ರ ಯಂತ್ರವನ್ನು ನೆಚ್ಚಿಕೊಳ್ಳಬಾರದು. 'ಬಂದವರಿಗೆಲ್ಲ', 'ಮನೆಯಲ್ಲಿಯೇ' ಎಂದು ಪ್ರತ್ಯಯದ ಮೇಲೆ ಪ್ರತ್ಯಯ ಹೇರುವ ನುಡಿಗೆ ಪದಪಟ್ಟಿಯ ಲೆಕ್ಕ ಸಾಲುವುದಿಲ್ಲ. ಕರಡನ್ನು ನಾವು ನಾಲ್ವರು ಹಂಚಿಕೊಂಡು ಅವರವರ ಮನೆಯ ಕಂಪ್ಯೂಟರಿನಲ್ಲಿ ತಿದ್ದಿದೆವು; ಎಷ್ಟು ಯಂತ್ರಕ್ಕೆ ಪರವಾನಗಿ ಇದೆ ಎಂದು ಯಾರೂ ಲೆಕ್ಕ ಹಾಕಬೇಕಾಗಲಿಲ್ಲ.

ನಿಜವಾದ ಶ್ರಮ ಬಿದ್ದದ್ದು ಬೇರೆ ಕಡೆ. ಲೇಖನಗಳಲ್ಲಿ ಅರ್ಧಕ್ಕಿಂತ ಹೆಚ್ಚು 'ನುಡಿ' ಅಥವಾ 'ಬರಹ' ಎಂಬ ಕನ್ನಡ ಬೆರಳಚ್ಚು ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟುಗಳಲ್ಲಿ (ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ರೂಪ ಕೂರಿಸಿದವು) ಬಂದಿದ್ದವು. ಹಿಂದಿನ ಸಂಚಿಕೆಯ ಕಡತವಂತೂ ಹಳೆಯ ಪುಟವಿನ್ಯಾಸ ತಂತ್ರಾಂಶವಾದ ಪೇಜ್‌ಮೇಕರ್‌ನದು. ಆ ಕಡತವನ್ನು ಲಿಬ್ರೆ ಆಫೀಸಿನ ಚಿತ್ರ ಬಿಡಿಸುವ ಭಾಗವಾದ ಡ್ರಾ ತೆರೆದುಕೊಡುತ್ತದೆ, ಆದರೆ ಒಳಗಿನ ಪಠ್ಯ ಯೂನಿಕೋಡಿಗೆ, ಎಂದರೆ ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಈಗಿನ ಪದ್ಧತಿಗೆ, ಬರುವುದಿಲ್ಲ. ಫಾಂಟ್ ಬದಲಿಸಿದರೆ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ ಕಾಣಿಸುತ್ತದೆ. ಪರಿವರ್ತಕಕ್ಕೆ ಹಾಕಿ ತೆಗೆದರೂ ಅರ್ಕಾವೊತ್ತಿನ ಮೇಲೆ ಕಣ್ಣಿಟ್ಟಿರಬೇಕು. ಹಳೆಯ ಫಾಂಟಿನಲ್ಲಿ 'ಧರ್ಮ' ಎಂಬುದರ ಅರ್ಕಾವೊತ್ತು ಕಣ್ಣಿಗೆ ಕಾಣುವಂತೆ 'ಮ'ದ ನಂತರ ಕೂತಿರುತ್ತದೆ; ಯೂನಿಕೋಡಿನಲ್ಲಿ ಅದು ಉಚ್ಚಾರದ ಕ್ರಮದಲ್ಲಿ 'ಮ'ಕ್ಕಿಂತ ಮೊದಲು ಬರಬೇಕು. ಈ ಅದಲು ಬದಲಿನಲ್ಲಿ ಹೆಸರುಗಳು ಕೆಟ್ಟರೆ ಹಳೆಯ ವಿದ್ಯಾರ್ಥಿಗಳು ಸುಮ್ಮನಿರುವವರಲ್ಲ. ಹಣ ಕೊಟ್ಟು ಕೊಂಡ ತಂತ್ರಾಂಶದಲ್ಲಿಯೂ ಈ ಕೆಲಸ ತಪ್ಪುತ್ತಿರಲಿಲ್ಲವಾದ್ದರಿಂದ ಇದನ್ನು ಲಿಬ್ರೆ ಆಫೀಸಿನ ಖಾತೆಗೆ ಬರೆಯುವುದು ಸರಿಯಲ್ಲ. ಯೂನಿಕೋಡಾದ ಮೇಲೆ ಹಳೆಯ ವಿದ್ಯಾರ್ಥಿಗಳ ಪಟ್ಟಿಯನ್ನು ಲಿಬ್ರೆ ಆಫೀಸಿನ ಕೋಷ್ಟಕದ ಭಾಗವಾದ ಕ್ಯಾಲ್ಕ್ ಒಂದೇ ಗಳಿಗೆಯಲ್ಲಿ ಅಕಾರಾದಿಯಾಗಿ ಜೋಡಿಸಿಕೊಟ್ಟಿತು. ಹಿಂದಿನ ಸಂಚಿಕೆಯವರು ಇದನ್ನು ಕೈಯಾರೆ ಮಾಡಿದ್ದರಂತೆ.

ಪುಟ ಕಟ್ಟುವುದಕ್ಕೆ ಬಳಸಿದ್ದು ಸ್ಕ್ರೈಬಸ್. ಇದರ 1.4 ಸರಣಿಯಲ್ಲಿ ಕನ್ನಡದ ಗುಣಿತಾಕ್ಷರಗಳು ಸರಿಯಾಗಿ ಕೂಡುತ್ತಿರಲಿಲ್ಲ. 2024ರ ಜನವರಿಯಲ್ಲಿ ಹೊರಬಂದ 1.6 ಆವೃತ್ತಿಯಲ್ಲಿ ಆ ತೊಡಕಿಲ್ಲ. ಆದ್ದರಿಂದ ಯಾರಾದರೂ ಹಳೆಯ ಅನುಭವದ ಮೇಲೆ 'ಅದರಲ್ಲಿ ಕನ್ನಡ ಬರುವುದಿಲ್ಲ' ಎಂದರೆ, ಯಾವ ಆವೃತ್ತಿಯಲ್ಲಿ ನೋಡಿದಿರಿ ಎಂದು ಕೇಳಬೇಕು. ಪಠ್ಯದ ಚೌಕಟ್ಟುಗಳನ್ನು ಒಂದಕ್ಕೊಂದು ಜೋಡಿಸುವುದು, ನಾಲ್ಕು ಬಣ್ಣದ ಮುದ್ರಣಕ್ಕೆ ತಕ್ಕ ಪಿಡಿಎಫ್ ತೆಗೆಯುವುದು, ತೆಗೆಯುವ ಮೊದಲು ದೋಷಗಳನ್ನು ತೋರಿಸುವ ತಪಾಸಣೆ, ಇವೆಲ್ಲ ಗಟ್ಟಿಯಾಗಿವೆ. ಕೋಷ್ಟಕಗಳನ್ನು ಅದರಲ್ಲಿ ಕಟ್ಟಲು ಹೋಗುವುದು ಮಾತ್ರ ತಲೆನೋವಿನ ಕೆಲಸ. ಚಿತ್ರಗಳು ಕಡಿಮೆಯಿದ್ದು ಅಡಿಟಿಪ್ಪಣಿಗಳು ಹೆಚ್ಚಿರುವ ಪುಸ್ತಕವಾದರೆ ರೈಟರ್‌ನಲ್ಲಿಯೇ ಮುಗಿಸುವುದು ಮೇಲು. ಸ್ಕ್ರೈಬಸ್‌ನ ಗೊಡವೆಯೇ ಬೇಡ.

ಮುದ್ರಣಾಲಯದವರು ಮೊದಲು ಪೇಜ್‌ಮೇಕರ್ ಕಡತವೇ ಬೇಕೆಂದು ಕೂತಿದ್ದರು, 2001ರ 7.0 ಆವೃತ್ತಿಗೇ ಬೆಳವಣಿಗೆ ನಿಂತುಹೋದ ತಂತ್ರಾಂಶವದು. ಫಾಂಟುಗಳನ್ನು ಒಳಗೊಂಡ ಪಿಡಿಎಫ್ ತೋರಿಸಿ, ಪರೀಕ್ಷೆಗೆಂದು ನಾಲ್ಕು ಪುಟ ತೆಗೆಸಿದ ಮೇಲೆ ಒಪ್ಪಿಕೊಂಡರು. ಆದರೆ ಕೆಲಸದ ನಡುವೆ ಇನ್‌ಡಿಸೈನ್ ಕಡತಗಳನ್ನು ಬೇರೆ ಕಲಾವಿದರೊಂದಿಗೆ ಕೊಟ್ಟು ಪಡೆಯಬೇಕಾದವರಿಗೆ ಈ ದಾರಿ ಹಿಡಿಸಲಾರದು: ಸ್ಕ್ರೈಬಸ್ ಆ ಕಡತವನ್ನು ನೇರವಾಗಿ ತೆರೆಯುವುದಿಲ್ಲ, ಇನ್‌ಡಿಸೈನ್‌ನಿಂದ ತೆಗೆಯಬಹುದಾದ ಐಡಿಎಂಎಲ್ ಎಂಬ ವಿನಿಮಯ ರೂಪದಲ್ಲಿ ಕಳಿಸಿದರೆ ಮಾತ್ರ ತೆಗೆದುಕೊಳ್ಳುತ್ತದೆ, ಮರಳಿ ಅದೇ ರೂಪದಲ್ಲಿ ಕೊಡುವುದೂ ಇಲ್ಲ.