ಹೊಳೆಯ ವೇಗ ಮೈನಸ್ 54: ಲೆಕ್ಕ ಬಿಡಿಸುವ ಆ್ಯಪ್ ಜೊತೆ ಎರಡು ವರ್ಷ

ಮಗಳು ಹತ್ತನೇ ಕ್ಲಾಸಲ್ಲಿದ್ದಾಗ ಹಾಕಿಕೊಂಡ ಆ್ಯಪ್ ಇದು. ಈಗ ಅವಳು ಸೆಕೆಂಡ್ ಪಿಯುಸಿ. ಫೋಟೊ ಹೊಡೆದರೆ ಲೆಕ್ಕ ಬಿಡಿಸಿ ಕೊಡುತ್ತದೆ, ಅಷ್ಟು ನಿಮಗೂ ಗೊತ್ತು.

ರಾತ್ರಿ ಒಂಬತ್ತಕ್ಕೆ ಊಟದ ಟೇಬಲ್ ಒರೆಸಿ ಕೂರುತ್ತೇವೆ. ಹಾಳೆ ಫ್ಯಾನ್ ಗಾಳಿಗೆ ಹಾರದಂತೆ ಮೂಲೆಗೊಂದು ಸ್ಟೀಲ್ ಲೋಟ. ಟ್ಯೂಬ್‌ಲೈಟಿಗೆ ಫೋನಿನ ನೆರಳು ಸರಿಯಾಗಿ ಲೆಕ್ಕದ ಮೇಲೇ ಬೀಳುತ್ತದೆ. ಅವಳು ನೋಟ್‌ಬುಕ್ ತಿರುಗಿಸುತ್ತಾಳೆ, ನಾನು ಫೋನ್ ತಿರುಗಿಸುತ್ತೇನೆ. ಅವಳ 7 ಅದಕ್ಕೆ 1 ಆಗಿ ಕಾಣುತ್ತಿತ್ತು. ಅದಕ್ಕೇ ಈಗ 7ರ ನಡುವೆ ಗೀಟು ಹಾಕುತ್ತಾಳೆ.

ಹತ್ತನೇ ಕ್ಲಾಸ್ ಕನ್ನಡ ಮೀಡಿಯಂ. ನಿಂತ ನೀರಲ್ಲಿ ಗಂಟೆಗೆ 18 ಕಿ.ಮೀ. ಹೋಗುವ ದೋಣಿ. ಹರಿವಿಗೆ ಎದುರಾಗಿ 24 ಕಿ.ಮೀ. ಹೋಗಲು, ಹರಿವಿನ ಜೊತೆ ಅಷ್ಟೇ ದೂರ ಬರುವುದಕ್ಕಿಂತ ಒಂದು ಗಂಟೆ ಜಾಸ್ತಿ ಬೇಕು. ಹೊಳೆಯ ವೇಗ ಎಷ್ಟು? ಕನ್ನಡದ ಸಾಲನ್ನು ಆ್ಯಪ್ ಓದಲೇ ಇಲ್ಲ. ನಾವೇ ತಲೆ ಕೆರೆದುಕೊಂಡು ಸಮೀಕರಣ ಬರೆದು ತೋರಿಸಿದೆವು. ಥಟ್ಟನೆ ಎರಡು ಉತ್ತರ ಬಂತು: ಒಂದು 6, ಇನ್ನೊಂದು ಮೈನಸ್ 54. "ಅಮ್ಮಾ, ಹೊಳೆ ಹಿಂದಕ್ಕೆ ಹರಿಯುತ್ತಾ?" ಅಂದಳು. ಕಷ್ಟದ ಕೆಲಸವೆಲ್ಲ ನಮ್ಮದು, ಆದರೂ ವರ್ಷದ ಚಂದಾ ನಮ್ಮನೆಯ ಒಂದು ತಿಂಗಳ ಹಾಲಿನ ಲೆಕ್ಕದಷ್ಟು! ಹೊಟ್ಟೆ ಉರಿಯಿತು. ರೇಖಾಗಣಿತದ ಮಾತಂತೂ ಬೇಡ. ಥೇಲ್ಸ್ ಪ್ರಮೇಯದ ಚಿತ್ರ ತೋರಿಸಿದರೆ ಸುಮ್ನೆ ತಿರುಗುತ್ತಾ ಕೂರುತ್ತಿತ್ತು.

ಪಿಯುಸಿಯಲ್ಲಿ ಒಂದು ರಾತ್ರಿ ಇಂಟಿಗ್ರೇಷನ್. ಸೈನ್ ಎಕ್ಸ್ ಇಂಟು ಕಾಸ್ ಎಕ್ಸ್. ಅವಳಿಗೆ ಬಂದದ್ದು ಸೈನ್ ಸ್ಕ್ವೇರ್ ಎಕ್ಸ್ ಬೈ 2. ಆ್ಯಪ್ ಹೇಳಿದ್ದು ಮೈನಸ್ ಕಾಸ್ 2ಎಕ್ಸ್ ಬೈ 4. ತನ್ನದೇ ತಪ್ಪು ಅಂದುಕೊಂಡು ಎರಡು ಸಲ ಕಾಟು ಹಾಕಿದಳು, ಕಣ್ಣಲ್ಲಿ ನೀರು. ನಾನು ಓದಿದ್ದು ಕಾಮರ್ಸ್, ನನಗೇನು ಗೊತ್ತು? ಎಕ್ಸ್ ಜಾಗಕ್ಕೆ ಯಾವುದಾದರೂ ಅಂಕಿ ಹಾಕಿ ನೋಡೇ ಅಂದೆ. 0 ಹಾಕಿದಳು. ಅವಳದ್ದು ಸೊನ್ನೆ, ಅದರದ್ದು ಮೈನಸ್ ಕಾಲು. 90 ಡಿಗ್ರಿ ಹಾಕಿದಳು. ಅವಳದ್ದು ಅರ್ಧ, ಅದರದ್ದು ಕಾಲು. ಎರಡು ಸಲವೂ ವ್ಯತ್ಯಾಸ ಅದೇ ಕಾಲು. "ಅಯ್ಯೋ, ಪ್ಲಸ್ ಸಿ ಅಮ್ಮಾ!" ಅಂತ ಕೂಗಿದ ರಭಸಕ್ಕೆ ಲೋಟ ಉರುಳಿತು. ಇಂಟಿಗ್ರೇಷನ್ ಉತ್ತರದ ಕೊನೆಗೆ ಸೇರಿಸುವ, ಯಾವ ಸಂಖ್ಯೆಯಾದರೂ ಆಗಬಹುದಾದ ಸ್ಥಿರಾಂಕವೇ ಆ ಸಿ. ಎರಡೂ ಉತ್ತರ ಸರಿ, ನಡುವೆ ಇದ್ದದ್ದು ಆ ಸ್ಥಿರಾಂಕ ಮಾತ್ರ. ಆ್ಯಪ್ ಮೇಲಿದ್ದ ಸಿಟ್ಟು ಅವತ್ತು ಅರ್ಧ ಇಳಿಯಿತು.

ಆದರೂ ಈ ವರ್ಷ ಚಂದಾ ಕಟ್ಟಿಲ್ಲ. ಮೊದಲು ಪೆನ್ನಲ್ಲಿ ಮಾಡಿ, ಆಮೇಲೆ ಉಚಿತವಾಗಿ ಸಿಗುವಷ್ಟರಲ್ಲೇ ಉತ್ತರ ತಾಳೆ ನೋಡುತ್ತೇವೆ. ರೇಖಾಗಣಿತದ ಚಿತ್ರಕ್ಕೆ ಜಿಯೋಜಿಬ್ರಾ ಅನ್ನುವ ಬೇರೆ ಆ್ಯಪ್ ಇದೆ, ಅದಕ್ಕೆ ದುಡ್ಡು ಬೇಡ.

ಐದಕ್ಕೆ ಮೂರು ಸ್ಟಾರ್. ಕನ್ನಡ ಓದಲು ಕಲಿತರೆ ಇನ್ನೊಂದು ಕೊಡುತ್ತೇನೆ.