ಹಾಲೆಯೋ ಹಲಸೋ: ಮಕ್ಕಳ ಮರದ ಕಾರಿಗಾಗಿ ಎರಡು ಬೇಸಿಗೆಯ ಪರೀಕ್ಷೆ

ಹಲಸಿನ ಮರದ ಕಾರು ಮೊದಲ ಓಟದಲ್ಲೇ ಸೋತಾಗ ಮಗಳ ಕಣ್ಣಲ್ಲಿ ನೀರು ತುಂಬಿತ್ತು. ಹಳದಿ ಮೈಯ ಆ ಕಾರನ್ನು ಅಜ್ಜ ತಮ್ಮ ಕೈಯಾರೆ ಉಜ್ಜಿ ಹೊಳಪು ತಂದಿದ್ದರು. ಪಕ್ಕದಲ್ಲಿ ಓಡಿದ್ದು ನನ್ನ ತಂಗಿಯ ಮಗ ಒಂದೇ ಮಧ್ಯಾಹ್ನದಲ್ಲಿ ಕೆತ್ತಿದ, ಬಣ್ಣವನ್ನೇ ಕಾಣದ ಹಾಲೆ ಮರದ ತುಂಡು. ಕೊನೆಯ ಗೆರೆ ದಾಟುವಾಗ ಅದು ಎರಡು ಮೊಳ ಮುಂದಿತ್ತು. "ಹಲಸು ಭಾರ, ಅದಕ್ಕೇ ಸೋತಿತು" ಎಂದು ಅಲ್ಲಿದ್ದವರೆಲ್ಲ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟರು. ಆ ತೀರ್ಪು ಸರಿಯೇ ಎಂದು ನೋಡಲು ನಮಗೆ ಎರಡು ಬೇಸಿಗೆ ರಜೆಗಳು ಬೇಕಾದವು.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಅಡಿಕೆ ತೋಟದ ನಡುವಿನ ಮನೆ. ಇಲ್ಲಿನ ಶಾಲೆಗಳಿಗೆ ಏಪ್ರಿಲ್, ಮೇ ತಿಂಗಳು ರಜೆ. ಆ ಹೊತ್ತಿಗೆ ಒಣಗಿದ ಅಡಿಕೆ ಒಳಗೆ ಸೇರಿ ಅಂಗಳ ಖಾಲಿಯಾಗಿರುತ್ತದೆ. ಜಗಲಿಯಿಂದ ಅಂಗಳಕ್ಕೆ ಮೂರು ಅಡಿ ಇಳಿತ. ಕಾರು ಓಡಿಸಲು ಇದಕ್ಕಿಂತ ಒಳ್ಳೆಯ ಜಾಗ ಬೇಡ.

ಇಳಿಜಾರಿನಲ್ಲಿ ಮರದ ಕಾರು ಓಡಿಸುವ ಈ ಆಟದ ಮೂಲ ಅಮೆರಿಕದ್ದು. 1953ರಲ್ಲಿ ಕ್ಯಾಲಿಫೋರ್ನಿಯಾದ ಮ್ಯಾನ್‌ಹ್ಯಾಟನ್ ಬೀಚ್ ಎಂಬ ಊರಿನಲ್ಲಿ ಡಾನ್ ಮರ್ಫಿ ಎಂಬವರು ಸ್ಕೌಟ್ ಮಕ್ಕಳಿಗಾಗಿ ಇದನ್ನು ಆರಂಭಿಸಿದರು. ಕುಳಿತು ಓಡಿಸುವ ದೊಡ್ಡ ಗಾಡಿಯ ಸ್ಪರ್ಧೆಗೆ ಅವರ ಮಗನಿಗೆ ವಯಸ್ಸು ಸಾಲದಿದ್ದುದೇ ಕಾರಣ. ಒಂದು ಪೈನ್ ಮರದ ತುಂಡು, ನಾಲ್ಕು ಚಕ್ರ, ನಾಲ್ಕು ಮೊಳೆ. ಕಾರಿನ ಉದ್ದ ಏಳು ಇಂಚು, ತೂಕ ಐದು ಔನ್ಸ್ ಮೀರಬಾರದು. ಐದು ಔನ್ಸ್ ಎಂದರೆ ಸುಮಾರು 142 ಗ್ರಾಂ. ನಾವು ಅದನ್ನು 140 ಎಂದು ಇಟ್ಟುಕೊಂಡೆವು. ಎಂಜಿನ್ ಇಲ್ಲ, ತಳ್ಳುವಂತಿಲ್ಲ. ಇಳಿಜಾರು ಕೊಟ್ಟಷ್ಟೇ ವೇಗ.

ಪೈನ್ ನಮ್ಮಲ್ಲಿ ಬೆಳೆಯುವುದಿಲ್ಲ. ಕೈಗೆ ಸಿಕ್ಕಿದ್ದು ಮೂರು ಮರ: ಹಲಸು, ರಬ್ಬರ್, ಹಾಲೆ. ತುಳುನಾಡಿನ ಆಟಿ ತಿಂಗಳ ಅಮಾವಾಸ್ಯೆಯ ಮುಂಜಾನೆ ಯಾವ ಮರದ ತೊಗಟೆಯನ್ನು ಕಲ್ಲಿನಿಂದ ಜಜ್ಜಿ ತಂದು ಕಷಾಯ ಮಾಡಿ ಕುಡಿಯುತ್ತೇವೆಯೋ ಆ ಹಾಲೆ. ತುಳುವಿನಲ್ಲಿ ಪಾಲೆ, ಮಲಯಾಳದಲ್ಲಿ ಏಳಿಲಂಪಾಲ. ಚನ್ನಪಟ್ಟಣದ ಬೊಂಬೆಗಳ ಹಾಲೆ ಮರ ಬೇರೆ ಜಾತಿಯದು. ಹಿಂದೆ ನಮ್ಮ ಈ ಹಾಲೆಯಿಂದ ಶಾಲೆಯ ಮಕ್ಕಳಿಗೆ ಬರೆಯುವ ಹಲಗೆ ಮಾಡುತ್ತಿದ್ದರು. ಅದರ ಸಸ್ಯಶಾಸ್ತ್ರದ ಹೆಸರಿನಲ್ಲಿ 'ಸ್ಕಾಲರಿಸ್' ಎಂಬ ಪದ ಸೇರಿದ್ದು ಹಾಗೆ. ಮಕ್ಕಳ ಕೈಗೆ ಆ ಮರ ಮತ್ತೆ ಬಂದದ್ದು ನನಗೆ ಬಹಳ ಸಂತೋಷ ಕೊಟ್ಟಿತು.

ಮೂರರಿಂದಲೂ ಒಂದೇ ಅಳತೆಯ ತುಂಡು ಕೊಯ್ಯಿಸಿ ಅಡುಗೆಮನೆಯ ತಕ್ಕಡಿಯಲ್ಲಿಟ್ಟೆವು: ಏಳು ಇಂಚು ಉದ್ದ, ಒಂದೂಮುಕ್ಕಾಲು ಇಂಚು ಅಗಲ, ಒಂದೂಕಾಲು ಇಂಚು ದಪ್ಪ. ಹಲಸು ಮತ್ತು ರಬ್ಬರ್ ಎರಡೂ 150 ಗ್ರಾಂ ಆಸುಪಾಸು, ಅಂದರೆ ಚಕ್ರ ಹಾಕುವ ಮೊದಲೇ ಮಿತಿ ದಾಟಿದವು. ಹಾಲೆ 100 ಗ್ರಾಂ. ಹಲಸನ್ನು ಮಿತಿಯೊಳಗೆ ತರಲು ಅಜ್ಜ ಹೊಟ್ಟೆಯ ಭಾಗವನ್ನು ಉಳಿಯಿಂದ ಕೊರೆಯಬೇಕಾಯಿತು. ಆ ಉಳಿಯನ್ನು ಒಂಬತ್ತು ವರ್ಷದ ಹುಡುಗಿಯ ಕೈಗೆ ಕೊಡುವ ಧೈರ್ಯ ನಮಗಾರಿಗೂ ಬರಲಿಲ್ಲ. ರಬ್ಬರ್ ಮರ ಗರಗಸಕ್ಕೆ ಸುಲಭವಾಗಿ ಒಗ್ಗುತ್ತದೆ, ಮರಳುಕಾಗದ ತಿಕ್ಕಿದರೆ ನುಣುಪಾಗುತ್ತದೆ. ಆದರೆ ಮದ್ದು ಕುಡಿಸದ ಹಸಿ ರಬ್ಬರ್ ನಮ್ಮ ಮಳೆಗಾಲಕ್ಕೆ ತಡೆಯುವುದಿಲ್ಲ. ಜೂನ್‌ನಲ್ಲಿ ಅಟ್ಟಕ್ಕೆ ಹಾಕಿದ ಕಾರು ದಸರೆಗೆ ಇಳಿಸಿದಾಗ ಮೈತುಂಬ ಬೂಷ್ಟು ಹಿಡಿದು, ಹುಳು ಕೊರೆದ ಹಿಟ್ಟು ಉದುರುತ್ತಿತ್ತು. ಹಾಲೆಗೂ ದೋಷವಿದೆ. ಮೆತ್ತಗಿನ ಮರವಾದ್ದರಿಂದ ಒಂದೆರಡು ಬಾರಿ ಡಿಕ್ಕಿ ಹೊಡೆದರೆ ಮೊಳೆಯ ತೂತು ಸಡಿಲಾಗುತ್ತದೆ. ಮೊಳೆ ಇಳಿಯುವ ಜಾಗದಲ್ಲಿ ಹಲಸಿನ ಸಣ್ಣ ಪಟ್ಟಿಯೊಂದನ್ನು ಅಂಟಿಸಿದ ಮೇಲೆ ಆ ತೊಂದರೆ ಹೋಯಿತು.

ಇಷ್ಟಾದರೂ ಆ ಎರಡು ಮೊಳದ ಲೆಕ್ಕ ಬಗೆಹರಿದಿರಲಿಲ್ಲ. ಎರಡೂ ಕಾರುಗಳನ್ನು ತೂಕಕ್ಕಿಟ್ಟರೆ ಎರಡೂ 140 ಗ್ರಾಂ! ಹಾಗಾದರೆ ಭಾರದ ಮಾತೆಲ್ಲಿ ಬಂತು? "ಅಪ್ಪ, ಅವನ ಚಕ್ರಗಳನ್ನು ನನ್ನ ಕಾರಿಗೆ ಹಾಕಿ ನೋಡೋಣವೇ?" ಎಂದು ಕೇಳಿದವಳು ಮಗಳೇ. ಹಾಕಿದೆವು. ಎರಡು ಮೊಳದ ಅಂತರ ನಾಲ್ಕು ಬೆರಳಿಗೆ ಇಳಿಯಿತು. ಹಾಲೆಯ ಕಾರಿಗೆ ಹಲಸಿನ ಕಾರಿನ ಚಕ್ರ ಹಾಕಿದಾಗ ಅದು ಮೊದಲಿನ ಹಲಸಿನ ಕಾರಿನಷ್ಟೇ ನಿಧಾನವಾಯಿತು. ಮರವನ್ನು ದೂರಿದ್ದು ಅನ್ಯಾಯ. ಸೋಲು ಇದ್ದದ್ದು ಚಕ್ರದಲ್ಲಿ.

ಹಾಗಾಗಿ ಹೆಚ್ಚು ದಿನ ಕಳೆದದ್ದು ಚಕ್ರಗಳ ಜೊತೆಗೆ. ಹಲಸಿನ ಕಾರಿಗೆ ಅಜ್ಜ ಪೇರಳೆ ಕೊಂಬೆಯಿಂದ ಬಿಲ್ಲೆ ಕೊಯ್ದು ಹಾಕಿದ್ದರು. ನೋಡಲು ಅವುಗಳಂಥ ಚೆಂದದ ಚಕ್ರ ಇಲ್ಲ. ಆದರೆ ಹಸಿ ಕೊಂಬೆಯ ಬಿಲ್ಲೆ ಒಣಗುವಾಗ ಎಲ್ಲ ಕಡೆಯೂ ಒಂದೇ ಸಮನಾಗಿ ಕುಗ್ಗುವುದಿಲ್ಲ. ವಾರದಲ್ಲಿ ಮೊಟ್ಟೆಯಾಕಾರಕ್ಕೆ ತಿರುಗಿ, ತಿರುಳಿನಿಂದ ಅಂಚಿನವರೆಗೆ ಬಿರುಕು ಬಿಟ್ಟವು. ತಿರುಳೂ ನಟ್ಟನಡುವೆ ಇರುವುದಿಲ್ಲ, ಅಲ್ಲಿ ಮೊಳೆ ಹೊಡೆದರೆ ಕಾರು ಕುಂಟುತ್ತದೆ.

ತಂಗಿಯ ಮಗ ಹಾಕಿದ್ದು ನೀರಿನ ಬಾಟಲಿಯ ಮುಚ್ಚಳಗಳನ್ನು. ಒಂದೇ ಮುಚ್ಚಳ ಸಾಲದು, ಅದರ ತೆಳ್ಳಗಿನ ತಳ ಮೊಳೆಯ ಮೇಲೆ ಓಲಾಡುತ್ತದೆ. ಎರಡನ್ನು ಬಾಯಿಗೆ ಬಾಯಿ ಕೂಡಿಸಿದರೆ ಮೊಳೆಗೆ ಎರಡು ಕಡೆ ಆಸರೆ ಸಿಕ್ಕಿ ಚಕ್ರ ನೆಟ್ಟಗೆ ನಿಲ್ಲುತ್ತದೆ. ಈ ಪ್ಲಾಸ್ಟಿಕ್‌ಗೆ ಸಾಮಾನ್ಯ ಅಂಟು ಸರಿಯಾಗಿ ಹಿಡಿಯುವುದಿಲ್ಲವಾದ್ದರಿಂದ ಸುತ್ತಲೂ ವಯರಿಂಗ್‌ನ ಕಪ್ಪು ಟೇಪನ್ನು ಒಂದೇ ಸುತ್ತು ಬಿಗಿದೆವು. ಮುಚ್ಚಳದ ಹಲ್ಲುಗಳೂ ಅದರಡಿ ಮುಚ್ಚಿಹೋಗಿ ಓಟ ನುಣುಪಾಯಿತು. ತೂತಿನ ವಿಷಯದಲ್ಲಿ ಮಾತ್ರ ತುಂಬಾ ಎಚ್ಚರ ಬೇಕು. ಕಾಯಿಸಿದ ಮೊಳೆಯಿಂದ ಚುಚ್ಚಿದರೆ ತೂತು ಸೊಟ್ಟಗಾಗುತ್ತದೆ. ಸಣ್ಣ ಡ್ರಿಲ್ ಬಿಟ್ ಬೇಕೇ ಬೇಕು. ಹಲವು ಮುಚ್ಚಳಗಳ ನಟ್ಟನಡುವೆ ಅಚ್ಚಿನ ಚುಕ್ಕೆಯೊಂದು ಇರುತ್ತದೆ. ಅಂಥವನ್ನೇ ಆರಿಸಿಕೊಂಡರೆ ಮಧ್ಯ ಹುಡುಕುವ ಕಷ್ಟವಿಲ್ಲ.

ಮೂರನೆಯ ಆಯ್ಕೆ ಮುರಿದ ಆಟಿಕೆಗಳ ಚಕ್ರ. ನಿಜ ಹೇಳಬೇಕೆಂದರೆ ಎಲ್ಲಕ್ಕಿಂತ ವೇಗವಾಗಿ ಓಡಿದ್ದು ಅವೇ. ಆದರೂ ನಮ್ಮ ಅಂಗಳದಲ್ಲಿ ಅವುಗಳನ್ನು ನಿಲ್ಲಿಸಿಬಿಟ್ಟೆವು. ಒಬ್ಬನ ಮನೆಯಲ್ಲಿ ಬೆಲೆಬಾಳುವ ಆಟಿಕೆಯ ಚಕ್ರ ಇತ್ತು, ನೆರೆಮನೆಯ ಇಬ್ಬರಿಗೆ ಯಾವುದೂ ಇರಲಿಲ್ಲ. ಓಟ ಮಕ್ಕಳ ಕೈಕೆಲಸದ್ದಾಗಿರಬೇಕು, ಕೊಂಡು ತಂದ ಸಾಮಾನಿನದ್ದಾಗಬಾರದು. ಮುಚ್ಚಳ ಎಲ್ಲರಿಗೂ ಸಿಗುತ್ತದೆ.

ಅಚ್ಚಿಗೆ ಎರಡು ಇಂಚಿನ ಮೊಳೆ ಹಾಗೂ ಸೈಕಲ್ ಚಕ್ರದ ಕಡ್ಡಿ ಎರಡನ್ನೂ ನೋಡಿದೆವು. ಕಡ್ಡಿ ನುಣುಪು, ನೇರ. ಆದರೆ ನಾವು ಅದನ್ನು ಅಡ್ಡಕ್ಕೆ ತೂರಿಸಿ ಎರಡೂ ಕಡೆ ಚಕ್ರ ಬಿಗಿದಿದ್ದರಿಂದ ಎರಡು ಚಕ್ರಗಳೂ ಒಟ್ಟಿಗೇ ತಿರುಗಬೇಕು. ಒಂದು ಕೂದಲೆಳೆಯಷ್ಟು ದೊಡ್ಡದಾದರೂ ಕಾರು ಪಕ್ಕಕ್ಕೆ ಎಳೆಯುತ್ತಿತ್ತು. ಮೊಳೆಯಲ್ಲಿ ನಾಲ್ಕು ಚಕ್ರಗಳೂ ತಮ್ಮ ಪಾಡಿಗೆ ತಿರುಗುತ್ತವೆ. ಅಂಗಡಿಯ ಮೊಳೆಯ ತಲೆಯಡಿಯಲ್ಲಿ ಏಳುವ ಕಬ್ಬಿಣದ ಮುಳ್ಳನ್ನು ಅರದಿಂದ ಉಜ್ಜಿ ತೆಗೆದು, ಮೊಳೆಯನ್ನು ಡ್ರಿಲ್ಲಿಗೆ ಸಿಕ್ಕಿಸಿ ತಿರುಗಿಸುತ್ತ ನಯವಾದ ಮರಳುಕಾಗದ ಹಿಡಿಯಬೇಕು. ಇದು ದೊಡ್ಡವರು ಮಾಡಿಕೊಡಬೇಕಾದ ಕೆಲಸ. ಈ ಹತ್ತು ನಿಮಿಷದ ಉಜ್ಜಾಟ ಕೊಡುವಷ್ಟು ವೇಗವನ್ನು ಕಾರಿನ ಯಾವ ಆಕಾರವೂ ಕೊಡಲಿಲ್ಲ.

ಜಾರಿಕೆಗೆ ತೆಂಗಿನೆಣ್ಣೆಯನ್ನೇ ಮೊದಲು ಹಾಕಿದೆವು. ಎರಡು ಓಟ ಚೆನ್ನಾಗಿತ್ತು, ಮೂರನೆಯದಕ್ಕೆ ಅಂಗಳದ ಕೆಂಪು ಧೂಳು ಕೂತು ಅಂಟಾಯಿತು. ಹೊಲಿಗೆ ಯಂತ್ರದ ಎಣ್ಣೆ ಸ್ವಲ್ಪ ಹೆಚ್ಚು ಬಾಳಿತು. ಪೆನ್ಸಿಲ್ ಕಡ್ಡಿಯ ಪುಡಿ ಎರಡನ್ನೂ ಮೀರಿಸಿತು, ಅದಕ್ಕೆ ಧೂಳು ಹತ್ತುವುದಿಲ್ಲ. ಚಿತ್ರ ಬಿಡಿಸುವ 6ಬಿ ಪೆನ್ಸಿಲ್ ಆದರೆ ಜೇಡಿ ಕಡಿಮೆ, ಗ್ರಾಫೈಟ್ ಹೆಚ್ಚು.

ಉಳಿದ ನಾಲ್ಕು ಬೆರಳಿನ ಕಾರಣ ಭಾರವಿದ್ದ ಜಾಗ. ಹಾಲೆಯನ್ನು ಕೆತ್ತಿದ ಮೇಲೆ 140 ಗ್ರಾಂ ಮಿತಿ ಮುಟ್ಟಲು ಇನ್ನೂ ಸಾಕಷ್ಟು ತೂಕ ಬಾಕಿಯಿರುತ್ತದೆ. ಚಕ್ರ, ಮೊಳೆ ಹೋಗಿ ಇನ್ನೂ ಬಾಕಿಯಿರುವ ತೂಕವನ್ನು ಬೇಕಾದಲ್ಲಿ ಇಡಬಹುದು. ಹಿಂದಿನ ಅಚ್ಚಿನ ಸ್ವಲ್ಪ ಮುಂದೆ ಇಟ್ಟರೆ ಆ ಭಾರ ಇಳಿಜಾರಿನಲ್ಲಿ ಇನ್ನಷ್ಟು ಎತ್ತರದಿಂದ ಹೊರಡುತ್ತದೆ, ಆ ಎತ್ತರವೇ ವೇಗವಾಗುತ್ತದೆ. ಹಲಸಿನಲ್ಲಿ ಭಾರವೆಲ್ಲ ಮರದ ಉದ್ದಕ್ಕೂ ಹರಡಿಕೊಂಡಿರುವುದರಿಂದ ಇದಕ್ಕೆ ಅವಕಾಶವಿಲ್ಲ. ತೀರಾ ಹಿಂದೆ ಇಟ್ಟರೂ ಆಗದು, ಮುಂದಿನ ಚಕ್ರ ಎದ್ದು ಕಾರು ತೂರಾಡುತ್ತದೆ. ಬೀಸುಬಲೆಗೆ ಕಟ್ಟುವ ಸೀಸದ ಮಣಿ ಕುಂಬಳೆ ಕಡೆ ಸುಲಭವಾಗಿ ಸಿಗುತ್ತದೆ, ಸಣ್ಣ ಜಾಗದಲ್ಲಿ ಹೆಚ್ಚು ತೂಕ ಕೂರುತ್ತದೆ. ಆದರೆ ಸೀಸ ವಿಷ, ಮಕ್ಕಳು ಕೈ ಬಾಯಿಗೆ ಹಾಕುತ್ತಾರೆ. ನಾನು ಕಬ್ಬಿಣದ ನಟ್ಟುಗಳನ್ನೇ ಹಾಕಿಸಿದೆ. ವೇಗದಲ್ಲಿ ವ್ಯತ್ಯಾಸ ಕಾಣಲಿಲ್ಲ; ಕಂಡಿದ್ದರೂ ಸೀಸ ಬೇಡವೆಂದೇ ಹೇಳುತ್ತಿದ್ದೆ.

ದಾರಿಯ ಬಗ್ಗೆ ಒಂದು ಮಾತು. ತೋಟದ ಮನೆಯಲ್ಲಿ ಅಡಿಕೆ ಮರ ಸೀಳಿ ನೀರು ಹರಿಸಲು ಮಾಡಿದ ದಂಬೆ ಇರುವಾಗ ಬೇರೆ ಏಕೆ ಎಂದುಕೊಂಡು ಕಾರುಗಳು ತಯಾರಾಗುವ ಮೊದಲೇ ಹಳೆಯ ಆಟಿಕೆಗಳನ್ನು ಅದರಲ್ಲಿ ಬಿಟ್ಟು ನೋಡಿದ್ದೆವು. ನೀರಿಗೆ ಹೇಳಿ ಮಾಡಿಸಿದ ದಂಬೆ ಚಕ್ರಕ್ಕೆ ಆಗಲಿಲ್ಲ. ಒಳಗಿನ ನಾರು ತಡೆಯುತ್ತದೆ, ಕುಳಿ ಇರುವುದರಿಂದ ಕಾರು ಎಡಬಲಕ್ಕೆ ಹತ್ತಿಳಿಯುತ್ತದೆ. ಎರಡು ಶೀಟ್ ಪ್ಲೈವುಡ್ಡನ್ನು ಅಡಿ ಅಗಲಕ್ಕೆ ಸೀಳಿಸಿ, ನಡುವೆ ಒಂದೂವರೆ ಇಂಚಿನ ರೀಪು, ಅಂದರೆ ಮರದ ಪಟ್ಟಿ, ಹೊಡೆದು ಇಪ್ಪತ್ತನಾಲ್ಕು ಅಡಿ ಉದ್ದದ ಎರಡು ದಾರಿ ಮಾಡಿದೆವು. ಕಾರು ರೀಪಿನ ಎರಡೂ ಬದಿಗೆ ಕಾಲು ಹಾಕಿದಂತೆ ಓಡುತ್ತದೆ. ಇಳಿಜಾರು ಮುಗಿದು ಸಮತಟ್ಟು ಶುರುವಾಗುವಲ್ಲಿ ತೆಳುವಾದ ಪ್ಲೈವುಡ್ ಬಾಗಿಸಿ ಹಾಕದಿದ್ದರೆ ಮೂತಿ ತಾಗಿ ಕಾರು ಮಗುಚುತ್ತದೆ. ಪೂರ್ತಿ ಓಟ ಎರಡೂವರೆ ಸೆಕೆಂಡಿನೊಳಗೆ ಮುಗಿಯುತ್ತದೆ. ಮೊಬೈಲಿನ ನಿಧಾನ ಚಲನೆಯ ವಿಡಿಯೋ ನಮ್ಮ ತೀರ್ಪುಗಾರ. "ಒಂದು, ಎರಡು, ಮೂರು" ಎಂಬುದನ್ನು ಕನ್ನಡದಲ್ಲೋ ತುಳುವಿನಲ್ಲೋ ಮಲಯಾಳದಲ್ಲೋ ಹೇಳುವುದು ಎಂಬ ಜಗಳಕ್ಕೆ ಮಾತ್ರ ಅದರಲ್ಲಿ ಪರಿಹಾರವಿಲ್ಲದೆ, ಪ್ರತಿ ಓಟಕ್ಕೂ ಭಾಷೆ ಬದಲಿಸುತ್ತೇವೆ.

ಹೊಸದಾಗಿ ಮಾಡುವವರು ಕೇಳಿದರೆ ಹಾಲೆಯ ಮೈ, ಜೋಡಿ ಮುಚ್ಚಳದ ಚಕ್ರ, ಉಜ್ಜಿದ ಮೊಳೆ, ಪೆನ್ಸಿಲ್ ಪುಡಿ ಎನ್ನುತ್ತೇನೆ. ಮಗಳು ಒಪ್ಪುವುದಿಲ್ಲ. ಎರಡನೆಯ ಬೇಸಿಗೆಯಲ್ಲೂ ಅವಳು ಅಜ್ಜನ ಹಲಸಿನ ಕಾರನ್ನೇ ಓಡಿಸಿದಳು, ಮುಚ್ಚಳದ ಚಕ್ರ ಹಾಕಿ. ಮುಂದಿನ ಎಡಚಕ್ರವನ್ನು ನೆಲಕ್ಕೆ ತಾಗದಷ್ಟು ಮಾತ್ರ ಮೇಲೆತ್ತಿ ಕೂರಿಸಿದರೆ ಮೂರೇ ಚಕ್ರ ಉರುಳಿ ತಿಕ್ಕಾಟ ಕಡಿಮೆಯಾಗುತ್ತದೆ ಎಂಬುದನ್ನು ತಂಗಿಯ ಮಗ ಗುಟ್ಟಾಗಿ ಅವಳಿಗೆ ಹೇಳಿಕೊಟ್ಟಿದ್ದ. ಮೇ ಕೊನೆಯ ಭಾನುವಾರ ಹಲಸಿನ ಕಾರು ಅವನ ಕಾರಿಗಿಂತ ಒಂದು ಬೆರಳು ಮುಂದೆ ಬಂತು. ವಿಡಿಯೋವನ್ನು ಅಜ್ಜ ನಾಲ್ಕು ಸಲ ಹಾಕಿಸಿ ನೋಡಿದರು.