ಮೂರು ಕೊಟೇಶನ್‌ಗಳನ್ನು ಒಂದೇ ಹಾಳೆಗೆ ತಂದಾಗ: ಹಳೆಯ ಎಸಿ ಮತ್ತು ಸೋಲಾರ್ ಬದಲಿಸಿದ ಅನುಭವ

ಮೈಸೂರಿನ ಕುವೆಂಪುನಗರದ ನಮ್ಮ ಮನೆಯ ತಾರಸಿಯ ಮೇಲೆ ಹದಿನಾರು ವರ್ಷಗಳಿಂದ ಇದ್ದ 200 ಲೀಟರಿನ ಸೋಲಾರ್ ವಾಟರ್ ಹೀಟರ್, 2025ರ ದಸರಾ ಮುಗಿದ ವಾರದಲ್ಲೇ ಟ್ಯಾಂಕಿನ ಬುಡದಿಂದ ಒಸರತೊಡಗಿತು. ಮೊದಲ ಮಹಡಿಯ ಮಲಗುವ ಕೋಣೆಯಲ್ಲಿ 2011ರಲ್ಲಿ ಹಾಕಿಸಿದ್ದ ಒಂದೂವರೆ ಟನ್ನಿನ ಎಸಿ ಅದಕ್ಕೂ ಮೊದಲೇ, ಬೇಸಿಗೆಯಲ್ಲೇ, ಗ್ಯಾಸ್ ಸೋರಿ ಬರೀ ಫ್ಯಾನಿನಂತೆ ತಿರುಗುತ್ತಿತ್ತು. ಎರಡೂ ಕೆಲಸಕ್ಕೆ ತಾರಸಿಯನ್ನೇ ಹತ್ತಬೇಕು, ಎರಡಕ್ಕೂ ಗೋಡೆ ಕೊರೆದು ಪೈಪು ಎಳೆಯಬೇಕು. ಹಾಗಾಗಿ ಒಬ್ಬರಿಂದಲೇ ಒಟ್ಟಿಗೆ ಮಾಡಿಸೋಣವೆಂದು ನವೆಂಬರಿನಲ್ಲಿ ನಗರದ ಮೂವರಿಂದ ಕೊಟೇಶನ್ ತರಿಸಿದೆ. ಹಂಡೆಯೊಲೆ ಇದ್ದ ಕಾಲದಲ್ಲಿ ಸ್ನಾನದ ನೀರಿಗೆ ಯಾರ ಕೊಟೇಶನ್ನೂ ಬೇಕಿರಲಿಲ್ಲವೆಂದು ಅಮ್ಮ ಪ್ರತಿ ಸಲ ಹೇಳಿದರೂ, ಸೌದೆ ತರುವವರು ಯಾರು ಎಂದು ಕೇಳಿದರೆ ಅವರೂ ಸುಮ್ಮನಾಗುತ್ತಿದ್ದರು.

ಮೂರು ಕೊಟೇಶನ್‌ಗಳ ಕೊನೆಯ ಸಾಲು ಹೀಗಿತ್ತು: ಮೊದಲನೆಯವರದು 75,400 ರೂಪಾಯಿ, ಎರಡನೆಯವರದು 91,200, ಮೂರನೆಯವರದು 82,000. ಈ ಮೂರು ಅಂಕಿಗಳನ್ನಷ್ಟೇ ನೋಡಿ ನಿರ್ಧರಿಸಿದ್ದರೆ ನಾನು ಮೊದಲನೆಯವರಿಗೇ ಮುಂಗಡ ಕೊಟ್ಟುಬಿಡುತ್ತಿದ್ದೆ. ಹಾಗೆ ಮಾಡದೆ, ಒಂದು ಹಾಳೆಯ ಮೇಲೆ ಗೆರೆ ಎಳೆದು, ಎರಡನೆಯವರ ಪಟ್ಟಿಯಲ್ಲಿದ್ದ ಪ್ರತಿಯೊಂದು ಬಾಬ್ತನ್ನೂ ಎಡಕ್ಕೆ ಬರೆದುಕೊಂಡು, ಉಳಿದಿಬ್ಬರಿಗೂ ಫೋನು ಮಾಡಿ "ಇದು ನಿಮ್ಮದರಲ್ಲಿ ಸೇರಿದೆಯೇ?" ಎಂದು ಒಂದೊಂದಾಗಿ ಕೇಳಿದೆ.

ಮೊದಲನೆಯವರು ಒಂದು ದೊಡ್ಡ ಅಂಗಡಿಯ ಕಡೆಯವರು. ಮನೆ ನೋಡಲು ಬರಲಿಲ್ಲ. ಕೋಣೆಯ ಅಳತೆಯನ್ನು ಫೋನಿನಲ್ಲೇ ಕೇಳಿಕೊಂಡು 5 ಸ್ಟಾರಿನ ಒಂದೂವರೆ ಟನ್ ಎಸಿಗೆ 45,900, ಸೋಲಾರಿಗೆ 29,500 ಎಂದು ಬರೆದು, ಕೆಳಗೆ "ಫಿಟ್ಟಿಂಗ್ ಫ್ರೀ" ಎಂದು ಮುದ್ರಿಸಿ ಕಳುಹಿಸಿದರು. ಈ ಫ್ರೀ ಎನ್ನುವುದು ಎಲ್ಲಿಗೆ ಮುಗಿಯುತ್ತದೆ ಎಂಬುದೇ ಪ್ರಶ್ನೆ. ನಾವು ತೆಗೆದುಕೊಂಡ ಎಸಿಯ ಪೆಟ್ಟಿಗೆಯಲ್ಲಿ ಬರುವ ತಾಮ್ರದ ಪೈಪು 3 ಮೀಟರ್ ಮಾತ್ರ, ನಮ್ಮ ಕೋಣೆಯಿಂದ ತಾರಸಿಯ ಮೇಲಿನ ಔಟ್‌ಡೋರ್ ಯೂನಿಟ್‌ವರೆಗೆ ಬೇಕಾದದ್ದು 7 ಮೀಟರ್. ಹೆಚ್ಚುವರಿ 4 ಮೀಟರಿಗೆ 3,600, ಸ್ಟ್ಯಾಂಡಿಗೆ 900, ಗೋಡೆ ಕೊರೆಯಲು 500, ಹಳೆಯ ಎಸಿ ಬಿಚ್ಚಲು 1,200, 4 ಚದರ ಮಿಲಿಮೀಟರಿನ ಹೊಸ ವೈರು ಮತ್ತು ಎಂಸಿಬಿಗೆ 2,800. ಸೋಲಾರ್ ಕಡೆಯಲ್ಲಿ ಹಳೆಯ ಟ್ಯಾಂಕು ಇಳಿಸಲು 1,500, ಬಿಸಿನೀರಿನ ಪೈಪಿಗೆ 4,200, ಮೋಡದ ದಿನಗಳಿಗೆಂದು ಟ್ಯಾಂಕಿನೊಳಗೆ ಹಾಕುವ ಕಾಯಿಲ್‌ಗೆ 1,600, ಕಾಲುಗಳ ಕೆಳಗಿನ ಕಾಂಕ್ರೀಟ್ ಕಟ್ಟೆಗೆ 1,000. ಕೇಳಿದ್ದಕ್ಕೆಲ್ಲ ಅವರು ಬೇಸರಿಸದೆ ದರ ಹೇಳಿದರು, ಅದು ಅವರ ಒಳ್ಳೆಯತನ. ಆದರೆ ಕೇಳದಿದ್ದರೆ ಈ 17,300 ರೂಪಾಯಿ ಕೆಲಸ ಅರ್ಧವಾದ ಮೇಲೆ, ಗೋಡೆಯಲ್ಲಿ ತೂತು ಬಿದ್ದ ಮೇಲೆ, ಕೈಬರಹದ ಚೀಟಿಯಾಗಿ ಬರುತ್ತಿತ್ತು. ಹಳೆಯ ಸಾಮಾನಿಗೆ 2,000 ಬಿಡುತ್ತೇವೆಂದೂ ಕೇಳಿದ ಮೇಲೆಯೇ ಹೇಳಿದರು. ಅಲ್ಲಿಗೆ ಅವರ ನಿಜವಾದ ಮೊತ್ತ 90,700. ಸೋಲಾರಿನಲ್ಲಿ ಇನ್ನೊಂದು ವ್ಯತ್ಯಾಸವಿತ್ತು: ಟ್ಯಾಂಕು 200 ಲೀಟರೇ ಆದರೂ ಗಾಜಿನ ಕೊಳವೆಗಳು 15, ಎರಡನೆಯವರದರಲ್ಲಿ ಅದೇ ಗಾತ್ರದವು 20. ಬಿಸಿಲನ್ನು ಹಿಡಿಯುವುದು ಕೊಳವೆಯೇ ಹೊರತು ಟ್ಯಾಂಕಲ್ಲವಾದ್ದರಿಂದ ಜುಲೈನ ಜಡಿಮಳೆಯಲ್ಲಿ ಈ ಐದು ಕೊಳವೆಗಳ ಕೊರತೆ ಬಚ್ಚಲಲ್ಲಿ ಗೊತ್ತಾಗುತ್ತದೆ.

ಮೂರನೆಯವರು ಪರಿಚಿತರೊಬ್ಬರು ಹೇಳಿ ಕಳುಹಿಸಿದವರು. ಮನೆಗೆ ಬಂದರು, ತಾರಸಿ ಹತ್ತಿದರು, ಐದು ನಿಮಿಷದಲ್ಲಿ ಇಳಿದು "ಎಸಿ, ಸೋಲಾರ್, ಫುಲ್ ಫಿಟ್ಟಿಂಗ್ 82,000 ಸಾರ್, ಒಂದು ರೂಪಾಯಿ ಮೇಲೆ ಕೇಳಲ್ಲ" ಎಂದರು. ಆ ಮಾತಿಗೆ ಮನಸ್ಸು ಸೋಲುವುದು ಸಹಜ. ಆದರೆ ಬಿಡಿಸಿ ಕೇಳಿದಾಗ ಎಸಿ 3 ಸ್ಟಾರಿನದು, ಹೊಸ ವೈರು ಸೇರಿಲ್ಲ, ಗೋಡೆಯಲ್ಲಿರುವ ಹಳೆಯ ತಾಮ್ರದ ಪೈಪನ್ನೇ ಹೊಸ ಎಸಿಗೆ ಜೋಡಿಸುವ ಯೋಜನೆ ಎಂದು ತಿಳಿಯಿತು. ಈ ಕೊನೆಯ ವಿಷಯವನ್ನು ಸ್ವಲ್ಪ ವಿವರಿಸಬೇಕು. ನಮ್ಮ ಹಳೆಯ ಎಸಿಯಲ್ಲಿದ್ದದ್ದು ಆರ್22 ಎಂಬ ಅನಿಲ. ಓಜೋನ್ ಪದರಕ್ಕೆ ಹಾನಿ ಮಾಡುವ ಇದನ್ನು 1987ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಹಂತಹಂತವಾಗಿ ಕೈಬಿಡಲಾಗುತ್ತಿದೆ. ಹೊಸ ಎಸಿಯಲ್ಲಿರುವುದು ಆರ್32. ಇದರ ಒತ್ತಡ ಆರ್22ಕ್ಕಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚು, ಕಂಪ್ರೆಸರಿನೊಳಗಿನ ಎಣ್ಣೆಯ ಜಾತಿಯೂ ಬೇರೆ. ಹಳೆಯ ಪೈಪಿನೊಳಗೆ ಹದಿನಾಲ್ಕು ವರ್ಷದ ಹಳೆಯ ಎಣ್ಣೆಯ ಜಿಡ್ಡು ಇರುತ್ತದೆ, ಪೈಪಿನ ಬಾಯಿಯನ್ನು ಮತ್ತೆ ಅರಳಿಸುವಾಗ ಸೀಳು ಬಿಡುತ್ತದೆ. ಗ್ಯಾಸು ಸೋರಿಯೇ ಸತ್ತ ಎಸಿಯ ಪೈಪನ್ನು ಉಳಿಸಿಕೊಳ್ಳುವುದಕ್ಕೆ ನನಗೆ ಯಾವ ಕಾರಣವೂ ಕಾಣಲಿಲ್ಲ. ಹಾಗಿದ್ದರೆ ಪೆಟ್ಟಿಗೆಯೊಳಗಿನ ಹೊಸ 3 ಮೀಟರ್ ಪೈಪು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದ್ದಕ್ಕೆ ಅವರು ನಕ್ಕರು.

ಹಳೆಯ ಸಾಮಾನಿನ ವಿಚಾರದಲ್ಲೂ ಅವರದು ಮೌನವೇ. ನಮ್ಮ ಹಳೆಯ ಸೋಲಾರ್ ಚಪ್ಪಟೆ ಪ್ಲೇಟಿನದು. ಆ ಪ್ಲೇಟಿನೊಳಗಿನ ಕೊಳವೆಗಳೆಲ್ಲ ತಾಮ್ರ, ಎಸಿಯ ಕಾಯಿಲ್ಲೂ ತಾಮ್ರ. ಗುಜರಿಯಲ್ಲಿ ತಾಮ್ರಕ್ಕೆ ಇರುವ ಬೆಲೆ ಅವರಿಗೆ ಚೆನ್ನಾಗಿ ಗೊತ್ತು. "ಹಳೇದೆಲ್ಲ ನಾವೇ ಕ್ಲೀನ್ ಮಾಡ್ಕೊಂಡು ಹೋಗ್ತೀವಿ" ಎಂಬ ಉಪಕಾರದ ಮಾತಿನಲ್ಲಿ ಕೆಲವು ಸಾವಿರ ರೂಪಾಯಿ ಅಡಗಿರುತ್ತದೆ. ಕೊನೆಗೆ, ಬಿಲ್ಲು ಬೇಡವೆಂದರೆ ಇನ್ನೂ ಸ್ವಲ್ಪ ಇಳಿಸುತ್ತೇನೆಂದರು. ಕಂಪ್ರೆಸರಿನ ಹತ್ತು ವರ್ಷದ ವಾರಂಟಿಗೆ ಸೀರಿಯಲ್ ನಂಬರ್ ಬರೆದ ಬಿಲ್ಲೇ ಆಧಾರ. ಅದಲ್ಲದೆ 2025ರ ಸೆಪ್ಟೆಂಬರ್ 22ರಿಂದ ಎಸಿಯ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ, ಸೋಲಾರ್ ವಾಟರ್ ಹೀಟರಿನದು 12ರಿಂದ 5ಕ್ಕೆ ಇಳಿದಿರುವಾಗ ಬಿಲ್ಲಿಲ್ಲದೆ ಕೊಳ್ಳುವ ಆಸೆಗೆ ಅರ್ಥವೂ ಉಳಿದಿಲ್ಲ.

ಎರಡನೆಯವರು ಬಂದದ್ದು ಟೇಪು ಹಿಡಿದು. 12 ಅಡಿಗೆ 14 ಅಡಿ ಕೋಣೆಯನ್ನು ಅಳೆದು, ಮೇಲೆ ನೇರ ತಾರಸಿ ಇದೆಯೆಂದೂ ಪಶ್ಚಿಮದ ಗೋಡೆಗೆ ಸಂಜೆಯ ಬಿಸಿಲು ಬೀಳುತ್ತದೆಯೆಂದೂ ಬರೆದುಕೊಂಡು, ಒಂದೂವರೆ ಟನ್ ಸಾಕು, ಬದಲಿಗೆ ತಾರಸಿಗೆ ಬಿಳಿ ಬಣ್ಣ ಹೊಡೆಸಿ ಎಂದರು. ತಾರಸಿಯಲ್ಲಿ ತಣ್ಣೀರಿನ ಟ್ಯಾಂಕು ಸೋಲಾರ್ ಟ್ಯಾಂಕಿಗಿಂತ ಎಷ್ಟು ಎತ್ತರದಲ್ಲಿದೆ ಎಂದು ನೋಡಿದರು. ಗಾಳಿ ಹೋಗುವ ವೆಂಟ್ ಪೈಪು ಗಿಡ್ಡವಾಗಿದೆ, ಟ್ಯಾಂಕು ತುಂಬಿದಾಗಲೆಲ್ಲ ಅದರಿಂದ ನೀರು ಚೆಲ್ಲುತ್ತಿತ್ತಲ್ಲವೇ ಎಂದು ಕೇಳಿದರು. ಚೆಲ್ಲುತ್ತಿತ್ತು, ಹದಿನಾರು ವರ್ಷ ನಾವು ಅದನ್ನು ಟ್ಯಾಂಕಿನ ದೋಷವೆಂದೇ ಭಾವಿಸಿದ್ದೆವು. ಸಂಪಿನಲ್ಲಿ ಕಾವೇರಿ ನೀರಿನ ಜೊತೆಗೆ ಬೋರ್‌ವೆಲ್ ನೀರೂ ಸೇರುತ್ತದೆಂದು ತಿಳಿದ ಮೇಲೆ, ಗಡಸು ನೀರಿಗೆ ತಾಮ್ರದ ಸಣ್ಣ ಕೊಳವೆಗಳು ಸುಣ್ಣ ಕಟ್ಟಿ ಮುಚ್ಚಿಹೋಗುವುದರಿಂದ ಗಾಜಿನ ಕೊಳವೆಯದೇ ಸರಿ, ಅದನ್ನಾದರೆ ಬಿಚ್ಚಿ ತೊಳೆಯಬಹುದು ಎಂದು ಸಲಹೆ ಮಾಡಿದರು. ಮರುದಿನ ಕಳುಹಿಸಿದ ಕೊಟೇಶನ್ ಎರಡು ಪುಟ. ಪೈಪಿನ ಮೀಟರ್ ಲೆಕ್ಕ, ತೆರಿಗೆ, ಹಳೆಯ ಸಾಮಾನಿಗೆ ಕಳೆಯುವ 5,500, ಅವರು ಮಾಡದ ಕೆಲಸಗಳು (ಗೋಡೆಗೆ ಬಣ್ಣ ಮತ್ತು ಸ್ಟೆಬಿಲೈಸರ್), ಎಲ್ಲವೂ ಬೇರೆ ಬೇರೆ ಸಾಲಿನಲ್ಲಿ. 91,200ರಲ್ಲಿ 5,500 ಕಳೆದರೆ 85,700.

ಇನ್ನು ಸ್ಟಾರಿನ ವಿಚಾರ. ಮೂರನೆಯವರು 3 ಸ್ಟಾರ್ ಕೊಡುತ್ತಿದ್ದಾರೆಂದು ಮೊದಲು ನನಗೆ ಸಿಟ್ಟೇ ಬಂದಿತ್ತು. ಆದರೆ ಎರಡನೆಯವರು ಮಾತಿನ ನಡುವೆ "ವರ್ಷಕ್ಕೆ ಎಷ್ಟು ರಾತ್ರಿ ಹಾಕ್ತೀರಿ ಸಾರ್?" ಎಂದು ಕೇಳಿದ್ದು ತಲೆಯಲ್ಲಿ ಉಳಿದಿತ್ತು. ಎಸಿಯ ಮೇಲೆ ಅಂಟಿಸಿರುವ ಲೇಬಲ್ಲಿನ ವಾರ್ಷಿಕ ಯೂನಿಟ್ಟು ವರ್ಷಕ್ಕೆ 1,600 ಗಂಟೆ ಓಡಿಸುವ ಲೆಕ್ಕದ್ದು. ನಾನು ನೋಡಿದ ಎರಡು ಮಾದರಿಗಳಲ್ಲಿ 5 ಸ್ಟಾರಿನದು 752 ಯೂನಿಟ್, 3 ಸ್ಟಾರಿನದು 965. ಮೈಸೂರಿನಲ್ಲಿ ನಮಗೆ ಎಸಿ ಬೇಕಾಗುವುದು ಮಾರ್ಚ್ ನಡುವಿನಿಂದ ಮೇ ಕೊನೆಯವರೆಗೆ, ಸುಮಾರು 75 ರಾತ್ರಿ, ಆರಾರು ಗಂಟೆ. ಒಟ್ಟು 450 ಗಂಟೆ. ಆ ಪ್ರಮಾಣಕ್ಕೆ ಇಳಿಸಿದರೆ 213 ಯೂನಿಟ್ಟಿನ ವ್ಯತ್ಯಾಸ 60ಕ್ಕೆ ಇಳಿಯುತ್ತದೆ. ಯೂನಿಟ್ಟಿಗೆ ಸುಮಾರು 6 ರೂಪಾಯಿ ಹಿಡಿದರೆ ವರ್ಷಕ್ಕೆ 360 ರೂಪಾಯಿ ಉಳಿತಾಯ. 5 ಸ್ಟಾರಿಗೆ ಹೆಚ್ಚು ಕೊಡಬೇಕಾದದ್ದು 6,500. ಅದು ವಾಪಸು ಬರಲು ಹದಿನೆಂಟು ವರ್ಷ ಬೇಕು, ಅಷ್ಟರಲ್ಲಿ ಎಸಿಯೇ ಇರುವುದಿಲ್ಲ.

ಗೃಹಜ್ಯೋತಿಯ ಲೆಕ್ಕವನ್ನೂ ನೋಡಿದೆ, ಏಕೆಂದರೆ 200 ಯೂನಿಟ್ ದಾಟಿದ ತಿಂಗಳು ಸೆಸ್ಕ್ ಬಿಲ್ಲನ್ನು ಪೂರ್ತಿಯಾಗಿ ಕಟ್ಟಬೇಕು. ನಮ್ಮ ಮನೆಯ ಸಾಮಾನ್ಯ ಬಳಕೆ ತಿಂಗಳಿಗೆ 140. ಬೇಸಿಗೆಯಲ್ಲಿ 5 ಸ್ಟಾರ್ ಎಸಿ ಸೇರಿದರೆ 225, 3 ಸ್ಟಾರ್ ಸೇರಿದರೆ 249; ಯಾವುದಾದರೂ ಗೆರೆ ದಾಟುವುದು ಖಂಡಿತ. ಆದ್ದರಿಂದ 3 ಸ್ಟಾರಿಗೇ ಇಳಿದೆ. ರಾಯಚೂರು, ಕಲಬುರಗಿಯಂಥ ಊರುಗಳಲ್ಲಿ ಈ ಲೆಕ್ಕ ತಿರುಗಿಬೀಳುತ್ತದೆ, ಹಗಲೂ ಎಸಿ ಓಡುವ ಕಚೇರಿಗೂ ಹಾಗೆಯೇ.

ಮೂವರನ್ನೂ 3 ಸ್ಟಾರಿಗೆ, ಹೊಸ ಪೈಪಿಗೆ, ಹೊಸ ವೈರಿಗೆ ತಂದು ನಿಲ್ಲಿಸಿದಾಗ ಹಾಳೆಯ ಕೊನೆಯ ಸಾಲು ಬದಲಾಗಿತ್ತು: ಮೊದಲನೆಯವರು 84,200, ಎರಡನೆಯವರು 79,200, ಪೈಪಿನ 3,600 ಮತ್ತು ವೈರಿನ 2,800 ಸೇರಿ ಮೂರನೆಯವರು 88,400. ಎಲ್ಲಕ್ಕಿಂತ ದುಬಾರಿಯೆಂದು ತೋರಿದ್ದೇ ಎಲ್ಲಕ್ಕಿಂತ ಅಗ್ಗವಾಗಿತ್ತು. ಎರಡನೆಯವರಿಗೆ ಕೆಲಸ ಕೊಟ್ಟೆ.

ಕೆಲಸದ ಬಗ್ಗೆ ಹೇಳುವುದಾದರೆ, ಸೋಮವಾರ ಬರುತ್ತೇವೆಂದವರು ಬುಧವಾರ ಬಂದರು; ಎರಡು ದಿನ ನಾವು ಒಲೆಯ ಮೇಲೆ ನೀರು ಕಾಯಿಸಿಕೊಂಡೆವು. ಬಂದ ಮೇಲೆ ಒಂದೂವರೆ ದಿನದಲ್ಲಿ ಎಲ್ಲ ಮುಗಿಸಿದರು. ಪೈಪು ಜೋಡಿಸಿದ ಬಳಿಕ ನೈಟ್ರೋಜನ್ ತುಂಬಿ ಸೋರಿಕೆ ಪರೀಕ್ಷಿಸಿ, ನಂತರ ವ್ಯಾಕ್ಯೂಮ್ ಪಂಪನ್ನು ಅರ್ಧ ಗಂಟೆ ಓಡಿಸಿ, ಮುಳ್ಳು ಕದಲುವುದಿಲ್ಲವೆಂದು ನನ್ನನ್ನು ಕರೆದು ತೋರಿಸಿದ ಮೇಲೆಯೇ ಗ್ಯಾಸಿನ ವಾಲ್ವು ಬಿಚ್ಚಿದರು. ಹಿಂದಿನ ಸಲ ಹಾಕಿದವರು ಸ್ವಲ್ಪ ಗ್ಯಾಸನ್ನೇ ಬಿಟ್ಟು ಪೈಪಿನ ಗಾಳಿಯನ್ನು ಹೊರಗೆ ತಳ್ಳಿದ್ದು ನನಗೆ ನೆನಪಿದೆ. ಹಾಗೆ ಮಾಡಿದರೆ ಪೈಪಿನೊಳಗೆ ತೇವ ಉಳಿದು ಕಂಪ್ರೆಸರಿನ ಆಯಸ್ಸು ಕಡಿಮೆಯಾಗುತ್ತದೆಂದು ಆಗ ಯಾರೂ ಹೇಳಿರಲಿಲ್ಲ. ಪೈಪು ಒಂದು ಮೀಟರ್ ಹೆಚ್ಚು ಬೇಕಾಯಿತು. ಪಟ್ಟಿಯಲ್ಲಿದ್ದ 900ರ ದರಕ್ಕೇ ಹಾಕಿ, ಬಿಲ್ಲು 80,100 ಆಯಿತು.

ಒಂದು ದೋಷ ಮಾತ್ರ ಉಳಿಯಿತು. ಪರೀಕ್ಷೆಗೆಂದು ಎಸಿಯನ್ನು ಎರಡು ಗಂಟೆ ಓಡಿಸಿದಾಗ, ನೀರು ಹೋಗುವ ಪೈಪಿಗೆ ಇಳಿಜಾರು ಸಾಲದೆ ಗೋಡೆಯ ಮೇಲೆ ಹನಿ ಇಳಿಯಿತು. ನಾನು 2,000 ರೂಪಾಯಿ ತಡೆಹಿಡಿದೆ, ಅವರೂ ಬೇಸರಿಸಲಿಲ್ಲ. ನಾಲ್ಕನೆಯ ದಿನ ಹುಡುಗನೊಬ್ಬನನ್ನು ಕಳುಹಿಸಿ ಕ್ಲಾಂಪು ಬದಲಿಸಿ ಸರಿಮಾಡಿಸಿ, ಹಣ ಪಡೆದರು. ಮಾರ್ಚ್ ತಿಂಗಳಲ್ಲಿ ಒಮ್ಮೆ ಬಂದು ಫಿಲ್ಟರ್ ತೊಳೆದು, ಗ್ಯಾಸಿನ ಒತ್ತಡ ನೋಡಿ ಹೋಗುತ್ತೇವೆಂದು ಕೊಟೇಶನ್ನಿನ ಎರಡನೆಯ ಪುಟದ ತಳದಲ್ಲಿ ಬರೆದಿದ್ದಾರೆ. ಆ ಪುಟವನ್ನು ಮೀಟರ್ ಬೋರ್ಡಿನ ಬಾಗಿಲಿನ ಒಳಬದಿಗೆ ಅಂಟಿಸಿದ್ದೇನೆ.